ಕೆಂಪು ಪಟ್ಟಿಯ ಮೀನು, ಕಪ್ಪು ನೀರಿನ ಊರು

ಕಾರ್ಡಿನಲ್ ಟೆಟ್ರಾ ಎಂಬ ಪುಟ್ಟ ಮೀನಿಗೆ ವೈಜ್ಞಾನಿಕ ಹೆಸರಿಡಲು 1956ರಲ್ಲಿ ಪೈಪೋಟಿಯೇ ನಡೆಯಿತು. ಫೆಬ್ರವರಿ 20ರಂದು ಮೀನುತಜ್ಞ ಶುಲ್ಟ್ಸ್, ಪತ್ರಿಕೆ ಪ್ರಕಾಶಕ ಆಕ್ಸೆಲ್‌ರಾಡ್ ಹೆಸರನ್ನು ಅದಕ್ಕಿಟ್ಟರು. ಮರುದಿನವೇ ಮೈಯರ್ಸ್ ಮತ್ತು ವೈಟ್ಸ್‌ಮನ್ ಎಂಬ ಇನ್ನಿಬ್ಬರು ಮೀನುತಜ್ಞರು ಬೇರೆ ಹೆಸರು ಪ್ರಕಟಿಸಿದರು. ಒಂದು ದಿನ ಮುಂದಿದ್ದವರೇ ಗೆದ್ದರು.

ಬ್ರೆಜಿಲ್‌ನ ರಿಯೊ ನೀಗ್ರೊ ದಂಡೆಯ ಬಾರ್ಸೆಲೊಸ್‌ನಲ್ಲಿ ಈ ಜಗಳ ಯಾರಿಗೆ ಬೇಕಿತ್ತು? ಅಲ್ಲಿನ ಪಿಯಾಬೇರೊಗಳಿಗೆ, ಅಂದರೆ ಅಲಂಕಾರಿಕ ಮೀನು ಹಿಡಿಯುವವರಿಗೆ, ಬೇಕಾದದ್ದು ಮೀನು. ಚಹಾ ಬಣ್ಣದ ಹುಳಿ ನೀರಿನಲ್ಲಿ ದೋಣಿಯಿಂದ ಬಾಗಿ, ಹುಟ್ಟಿನಿಂದ ಗುಂಪನ್ನು ಮೆಲ್ಲಗೆ ಕೈಬಲೆಯತ್ತ ಅಟ್ಟುತ್ತಾರೆ. ಹಿಡಿದದ್ದು ದೋಣಿಯಲ್ಲಿ ಮನಾಸ್‌ಗೆ, ಅಲ್ಲಿಂದ ವಿಮಾನದಲ್ಲಿ ದೇಶಾಂತರಕ್ಕೆ. ಈ ಮೀನನ್ನು ಗಾಜಿನ ತೊಟ್ಟಿಯಲ್ಲಿ ಸಾಕುವವರು ಇಂದಿಗೂ ಮೆದು ನೀರು, ಮಂದ ಬೆಳಕು, ಕನಿಷ್ಠ ಆರೆಂಟು ಜೊತೆಗಾರರನ್ನು ಒದಗಿಸುವುದು ಆ ಹೊಳೆಯ ಲೆಕ್ಕದಲ್ಲೇ.

ಆಮೇಲೆ ತೊಟ್ಟಿಯಲ್ಲೇ ಮರಿ ಮಾಡಿಸುವವರು ಬಂದರು. ಅದರಿಂದ ಬಾರ್ಸೆಲೊಸ್‌ನ ವ್ಯಾಪಾರ ಕುಗ್ಗಿತು. ಆದರೂ ಅಲಂಕಾರಿಕ ಮೀನಿನ ಹಬ್ಬದಲ್ಲಿ ಊರು ಕಾರ್ಡಿನಲ್, ಡಿಸ್ಕಸ್ ಎಂದು ಎರಡು ಮೀನುಗಳ ಹೆಸರಿನ ಬಣಗಳಾಗಿ ಸೆಣಸುತ್ತದೆ.