ಉಚಿತ ಬ್ಲಾಗೋ, ಸ್ವಂತ ಜಾಲತಾಣವೋ: ಬರಹ ಎಲ್ಲಿ ಹೆಚ್ಚು ಭದ್ರ?

ಗುಂಡ್ಲುಪೇಟೆಯ ನಿವೃತ್ತ ಮೇಷ್ಟ್ರೊಬ್ಬರು ಊರಿನ ಬೇಸಾಯದ ಮಾತುಗಳು, ಜಾತ್ರೆ, ಕಾಡಂಚಿನ ಬದುಕು ಇವುಗಳ ಬಗ್ಗೆ ವರ್ಷಗಟ್ಟಲೆ ಬರೆದಿದ್ದರು. "ಬಿಟ್ಟಿ ತಾಣ ಯಾವತ್ತಾದರೂ ಕೈಕೊಡುತ್ತೆ, ಸ್ವಂತದ್ದೇ ಶಾಶ್ವತ" ಎಂದು ಯಾರೋ ಹೇಳಿದ್ದನ್ನು ನಂಬಿ, ಎಲ್ಲವನ್ನೂ ಸ್ವಂತ ಜಾಲತಾಣಕ್ಕೆ ಸಾಗಿಸಿ ಹಳೆಯ ಬ್ಲಾಗನ್ನು ಅಳಿಸಿದರು. ಅವರು ನಮ್ಮನ್ನು ಕೇಳಿಕೊಂಡು ಬರುವ ಹೊತ್ತಿಗೆ ಆ ತಾಣ ತೆರೆಯುತ್ತಲೇ ಇರಲಿಲ್ಲ. ವಿಳಾಸ ನೋಂದಣಿಯಾಗಿದ್ದು ಅಣ್ಣನ ಮಗನ ಹಳೆಯ ಇಮೇಲ್‌ನಲ್ಲಿ. ಶುಲ್ಕ ಕಟ್ಟಿ ಎಂಬ ಸೂಚನೆಗಳೆಲ್ಲ ಅಲ್ಲಿಗೇ ಹೋಗಿ ಯಾರೂ ಓದದೆ ಉಳಿದಿದ್ದವು. ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿ ಅರ್ಧದಷ್ಟು ಬರಹ ಹೆಕ್ಕಿದೆವು. ಫೋಟೊಗಳು ಸಿಗಲಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು?

ಎರಡಕ್ಕೂ ಏನು ವ್ಯತ್ಯಾಸ?

ಬ್ಲಾಗರ್ (ಬ್ಲಾಗ್‌ಸ್ಪಾಟ್), ವರ್ಡ್‌ಪ್ರೆಸ್.ಕಾಂ ಮೊದಲ ಬಗೆಯವು. 1999ರಲ್ಲಿ ಶುರುವಾದ ಬ್ಲಾಗರ್ ಅನ್ನು 2003ರಲ್ಲಿ ಗೂಗಲ್ ಕೊಂಡಿತು. ಇಲ್ಲಿ ಸರ್ವರ್, ಭದ್ರತೆ, ತಂತ್ರಾಂಶದ ಅಪ್‌ಡೇಟ್ ಎಲ್ಲವೂ ಕಂಪನಿಯ ಹೊಣೆ; ನಮ್ಮದು ಬರೆಯುವ ಕೆಲಸ ಮಾತ್ರ.

ಎರಡನೆಯ ಬಗೆಯಲ್ಲಿ ಸರ್ವರ್‌ನಲ್ಲಿ ಜಾಗ ಬಾಡಿಗೆಗೆ ಪಡೆದು, ಅಲ್ಲಿ ತಂತ್ರಾಂಶವನ್ನು ನಾವೇ ಅಳವಡಿಸುತ್ತೇವೆ. ಇದಕ್ಕೆ ಹೆಚ್ಚು ಬಳಕೆಯಾಗುವುದು ವರ್ಡ್‌ಪ್ರೆಸ್.ಆರ್ಗ್‌ನಲ್ಲಿ ಸಿಗುವ ಮುಕ್ತ ತಂತ್ರಾಂಶ. ಹೆಸರು ಒಂದೇ ಆದ್ದರಿಂದ ಗೊಂದಲ ಸಹಜ: ‘.ಕಾಂ’ ಎಂಬುದು ಆಟೊಮ್ಯಾಟಿಕ್ ಕಂಪನಿ ನಡೆಸುವ ಸೇವೆ, ‘.ಆರ್ಗ್’ನಲ್ಲಿ ಸಿಗುವುದು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ತಂತ್ರಾಂಶ.

ನಂಬಿಕೆ 1: ಉಚಿತ ತಾಣದ ಬರಹ ಕಂಪನಿಯ ಸ್ವತ್ತು

ಇದು ತಪ್ಪು. ಬರಹದ ಹಕ್ಕು ಬರೆದವರದ್ದೇ. ಅದನ್ನು ತೋರಿಸಲು, ಸಂಗ್ರಹಿಸಲು ಬೇಕಾದ ಅನುಮತಿಯನ್ನು ಕಂಪನಿ ನಿಬಂಧನೆಗಳ ಮೂಲಕ ಪಡೆದಿರುತ್ತದೆ. ಆದರೆ ಹಕ್ಕು ನಮ್ಮದಾದರೂ ಬಾಗಿಲಿನ ಬೀಗ ಅವರ ಕೈಯಲ್ಲಿದೆ. ಯಾಹೂ 2009ರಲ್ಲಿ ಜಿಯೊಸಿಟೀಸ್ ಅನ್ನು ಮುಚ್ಚಿತು. 2013ರಲ್ಲಿ ಪೋಸ್ಟರಸ್ ಮುಚ್ಚಿತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು.

ನಂಬಿಕೆ 2: ಸ್ವಂತ ತಾಣ ಶಾಶ್ವತ

ಮೇಷ್ಟ್ರು ಎಡವಿದ್ದು ಇಲ್ಲೇ. ‘ಸ್ವಂತ’ ಎನ್ನುವ ತಾಣದಲ್ಲೂ ವಿಳಾಸ ಮತ್ತು ಜಾಗ ಎರಡೂ ಬಾಡಿಗೆಯವೇ. ಡೊಮೈನ್ ಹೆಸರನ್ನು ಕಾಲಕಾಲಕ್ಕೆ ನವೀಕರಿಸದಿದ್ದರೆ ಅದು ಬೇರೆಯವರ ಪಾಲಾಗಬಹುದು. ಹೋಸ್ಟಿಂಗ್ ಹಣ ನಿಂತರೆ ಕಡತಗಳು ಅಳಿಯುತ್ತವೆ. ವರ್ಡ್‌ಪ್ರೆಸ್ ಮತ್ತು ಅದರ ಪ್ಲಗಿನ್‌ಗಳನ್ನು ಅಪ್‌ಡೇಟ್ ಮಾಡದಿದ್ದರೆ ಹ್ಯಾಕರ್‌ಗಳಿಗೆ ದಾರಿಯಾಗುತ್ತದೆ. ಬರೆದವರು ಹಾಸಿಗೆ ಹಿಡಿದರೆ ಅಥವಾ ತೀರಿಕೊಂಡರೆ ಇದನ್ನೆಲ್ಲ ಯಾರು ನೋಡಿಕೊಳ್ಳುತ್ತಾರೆ ಎಂಬುದು ನಿಜವಾದ ಪ್ರಶ್ನೆ.

ಸ್ವಂತ ತಾಣ ಯಾರಿಗೆ ಬೇಕು?

ಹಲವರು ಸೇರಿ ಬರೆಯುವಾಗ, ತಮಗೆ ಬೇಕಾದಂತೆ ವ್ಯವಸ್ಥೆ ರೂಪಿಸಬೇಕಾದಾಗ ಇದು ಸರಿಯಾದ ದಾರಿ. ಹರಿಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ ‘ಸಂಪದ’ ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ. ದ್ರುಪಲ್ ಎಂಬ ಮುಕ್ತ ತಂತ್ರಾಂಶದ ಮೇಲೆ ಕಟ್ಟಿದ ಆ ತಾಣದಲ್ಲಿ ಅನೇಕರು ಬರೆದರು. ಆದರೆ ಅಂಥದ್ದಕ್ಕೆ ತಂತ್ರಜ್ಞಾನ ಬಲ್ಲವರು ಬೆನ್ನಿಗಿರಬೇಕು.

ಒಬ್ಬರೇ ಬರೆಯುವವರಿಗೆ ನಡುದಾರಿಯೊಂದಿದೆ: ಬರಹ ಬ್ಲಾಗರ್‌ನಲ್ಲೇ ಇರಲಿ, ಡೊಮೈನ್ ಹೆಸರು ಮಾತ್ರ ನಿಮ್ಮದಾಗಲಿ. ಬ್ಲಾಗರ್ ಇದಕ್ಕೆ ಹಣ ಕೇಳುವುದಿಲ್ಲ, ವರ್ಡ್‌ಪ್ರೆಸ್.ಕಾಂನ ಉಚಿತ ಯೋಜನೆಯಲ್ಲಿ ಈ ಅನುಕೂಲ ಇಲ್ಲ. ಮುಂದೆ ಮನೆ ಬದಲಿಸಿದರೂ ವಿಳಾಸ ಅದೇ ಉಳಿಯುತ್ತದೆ. ಡೊಮೈನ್ ಕೈತಪ್ಪಿದರೂ ಬರಹ ಅಳಿಯುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ ಬ್ಲಾಗ್‌ಸ್ಪಾಟ್ ವಿಳಾಸಕ್ಕೆ ಮರಳಬಹುದು.

ಎಲ್ಲೇ ಬರೆದರೂ ಇಷ್ಟು ಮಾಡಿ

• ವರ್ಷಕ್ಕೆರಡು ಬಾರಿಯಾದರೂ ಬ್ಯಾಕಪ್ ಇಳಿಸಿಕೊಳ್ಳಿ. ಬ್ಲಾಗರ್‌ನ ಎಕ್ಸ್‌ಎಂಎಲ್ ಕಡತದಲ್ಲಿ ಬರಹ ಇರುತ್ತದೆ, ಚಿತ್ರಗಳ ಕೊಂಡಿ ಮಾತ್ರ ಇರುತ್ತದೆ. ಹಾಗಾಗಿ ಫೋಟೊಗಳನ್ನು ಬೇರೆಯಾಗಿ ಉಳಿಸಿಕೊಳ್ಳಿ.
• ಯೂನಿಕೋಡ್‌ನಲ್ಲೇ ಬರೆಯಿರಿ. ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿರುವ ಪಠ್ಯವನ್ನು ಪರಿವರ್ತಿಸದೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ.
• ಡೊಮೈನ್ ನೋಂದಣಿ ನಿಮ್ಮದೇ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯಲ್ಲಿರಲಿ.
• ಹೊಸ ತಾಣಕ್ಕೆ ಹೋದರೂ ಹಳೆಯ ಬ್ಲಾಗನ್ನು ಅಳಿಸಬೇಡಿ.
• ಖಾತೆಯ ವಿವರ ಮನೆಯಲ್ಲಿ ಇನ್ನೊಬ್ಬರಿಗಾದರೂ ತಿಳಿದಿರಲಿ. ಗೂಗಲ್‌ನ ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ನಲ್ಲಿ, ಖಾತೆ ಬಳಕೆ ನಿಂತರೆ ಯಾರಿಗೆ ತಿಳಿಸಬೇಕು ಎಂದು ಮೊದಲೇ ಸೂಚಿಸಬಹುದು.

ಮೇಷ್ಟ್ರ ಬರಹಗಳು ಈಗ ಮತ್ತೆ ಬ್ಲಾಗರ್‌ನಲ್ಲಿವೆ. ಒಂದು ಪ್ರತಿ ಮಗಳ ಕಂಪ್ಯೂಟರ್‌ನಲ್ಲಿ, ಇನ್ನೊಂದು ಅವರದೇ ಪೆನ್‌ಡ್ರೈವ್‌ನಲ್ಲಿದೆ. ಸಿಗದೇ ಹೋದವುಗಳಲ್ಲಿ ಕೆಲವನ್ನು ಅವರು ನೆನಪಿನಿಂದ ಮತ್ತೆ ಬರೆಯುತ್ತಿದ್ದಾರೆ.