ಅಂತರ್ನಿರ್ಮಿತ ಮೆಮೊರಿಯ ಮದರ್‌ಬೋರ್ಡ್

ಅಂತರ್ನಿರ್ಮಿತ ಮೆಮೊರಿಯ ಮದರ್‌ಬೋರ್ಡ್ ಎಂದರೆ ಗಣಕಯಂತ್ರದ ಪ್ರಧಾನ ಮೆಮೊರಿಯಾದ ರ‍್ಯಾಮ್ ಚಿಪ್‌ಗಳನ್ನು ನೇರವಾಗಿ ಫಲಕಕ್ಕೇ ಬೆಸುಗೆ ಹಾಕಿರುವ ಮದರ್‌ಬೋರ್ಡ್. ಇದರಲ್ಲಿ ಮೆಮೊರಿಯನ್ನು ಬಿಡಿಸಿ ತೆಗೆಯಲು ಅಥವಾ ಬದಲಾಯಿಸಲು ಬಳಕೆದಾರರಿಗೆ ಸಾಧ್ಯವಿಲ್ಲ. ತೆಳುವಾದ ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಮೊಬೈಲ್ ಫೋನ್ ಹಾಗೂ ಒಂಟಿ ಫಲಕದ ಗಣಕಗಳಲ್ಲಿ ಈ ವಿನ್ಯಾಸ ಸಾಮಾನ್ಯವಾಗಿದೆ. ಮೇಜಿನ ಗಣಕಗಳಲ್ಲಿ ಹಾಗೂ ಸರ್ವರ್‌ಗಳಲ್ಲಿ ಸ್ಲಾಟ್‌ಗೆ ಸಿಕ್ಕಿಸುವ ಮಾಡ್ಯೂಲ್‌ಗಳೇ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿವೆ. ಬೆಸುಗೆಯಿಂದ ವೇಗ, ವಿದ್ಯುತ್ ಉಳಿತಾಯ ಮತ್ತು ಸ್ಥಳದ ಉಳಿತಾಯ ದೊರೆಯುತ್ತವೆ. ಆದರೆ ಯಂತ್ರದ ಮೆಮೊರಿ ಎಷ್ಟಿರಬೇಕೆಂಬ ನಿರ್ಧಾರ ಖರೀದಿಯ ದಿನವೇ ಅಂತಿಮವಾಗಿಬಿಡುತ್ತದೆ.

ಇತಿಹಾಸ

ಮೆಮೊರಿಯನ್ನು ಫಲಕಕ್ಕೆ ಬೆಸೆಯುವುದು ಹೊಸ ಪದ್ಧತಿಯಲ್ಲ. 1981ರಲ್ಲಿ ಬಂದ ಐಬಿಎಂ ಪಿಸಿಯ ಮೂಲ ಫಲಕದಲ್ಲಿ ಮೊದಲ 16 ಕಿಲೋಬೈಟ್ ಮೆಮೊರಿಯನ್ನು ಬೆಸುಗೆ ಹಾಕಲಾಗಿತ್ತು. ಉಳಿದ ಮೂರು ಸಾಲುಗಳಲ್ಲಿ ಸಾಕೆಟ್‌ಗಳಿದ್ದು, ಚಿಪ್‌ಗಳನ್ನು ಒಂದೊಂದಾಗಿ ಸಿಕ್ಕಿಸಿ ಫಲಕದ ಮೆಮೊರಿಯನ್ನು 64 ಕಿಲೋಬೈಟ್‌ವರೆಗೆ ಹೆಚ್ಚಿಸಿಕೊಳ್ಳಬಹುದಿತ್ತು. 1982ರ ಕಮೊಡೋರ್ 64 ಗಣಕದಲ್ಲಿಯೂ 64 ಕಿಲೋಬೈಟ್ ಮೆಮೊರಿ ಫಲಕದ ಮೇಲೆಯೇ ಇತ್ತು.

ಹಲವು ಚಿಪ್‌ಗಳನ್ನು ಒಂದು ಸಣ್ಣ ಪಟ್ಟಿಯ ಮೇಲೆ ಜೋಡಿಸಿ, ಆ ಪಟ್ಟಿಯನ್ನೇ ಸ್ಲಾಟ್‌ಗೆ ಸಿಕ್ಕಿಸುವ ಸಿಮ್ ಮಾಡ್ಯೂಲ್‌ಗಳು 1980ರ ದಶಕದಲ್ಲಿ ಬಂದವು. 1990ರ ದಶಕದಲ್ಲಿ ಡಿಮ್ ಮಾಡ್ಯೂಲ್‌ಗಳೂ ಲ್ಯಾಪ್‌ಟಾಪ್‌ಗಳಿಗಾಗಿ ಅವುಗಳ ಚಿಕ್ಕ ರೂಪವಾದ ಎಸ್‌ಒ-ಡಿಮ್‌ಗಳೂ ಬಳಕೆಗೆ ಬಂದವು. ಮುಂದೆ ಬಹುಕಾಲ ಮೆಮೊರಿ ಹೆಚ್ಚಿಸುವುದು ಹಳೆಯ ಗಣಕಕ್ಕೆ ಮರುಜೀವ ಕೊಡುವ ಅತ್ಯಂತ ಸುಲಭ ವಿಧಾನವಾಗಿತ್ತು.

ತೆಳು ಲ್ಯಾಪ್‌ಟಾಪ್‌ಗಳೊಂದಿಗೆ ಬೆಸುಗೆಯ ಪದ್ಧತಿ ಮರಳಿತು. 2008ರಲ್ಲಿ ಆಪಲ್ ಬಿಡುಗಡೆ ಮಾಡಿದ ಮೊದಲ ಮ್ಯಾಕ್‌ಬುಕ್ ಏರ್‌ನಲ್ಲಿ 2 ಜಿಬಿ ಮೆಮೊರಿಯನ್ನು ಫಲಕಕ್ಕೆ ಬೆಸೆಯಲಾಗಿತ್ತು. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೋ ಇದೇ ದಾರಿ ಹಿಡಿಯಿತು. ಮ್ಯಾಕ್ ಮಿನಿಯ 2014ರ ಮಾದರಿಯಲ್ಲಿ ಮೆಮೊರಿ ಬೆಸುಗೆಯಾಗಿತ್ತು. 2018ರಲ್ಲಿ ಅದು ಮತ್ತೆ ಮಾಡ್ಯೂಲ್‌ಗೆ ಮರಳಿತು. 2020ರ ಎಂ1 ಮಾದರಿಯಲ್ಲಿ ಮೆಮೊರಿಯು ಪ್ರೊಸೆಸರ್‌ನ ಕವಚದೊಳಗೇ ಸೇರಿಹೋಯಿತು. ಇಂಟೆಲ್ ಸಂಸ್ಥೆಯೂ 2024ರ ಲೂನಾರ್ ಲೇಕ್ ಪ್ರೊಸೆಸರ್‌ಗಳಲ್ಲಿ 16 ಅಥವಾ 32 ಜಿಬಿ ಮೆಮೊರಿಯನ್ನು ಕವಚದ ಮೇಲೆಯೇ ಇರಿಸಿತು.

ಅನುಕೂಲಗಳು

ವಿದ್ಯುತ್ ಉಳಿತಾಯ: ಎಲ್‌ಪಿಡಿಡಿಆರ್ ವರ್ಗದ ಮೆಮೊರಿ ಮೂಲತಃ ಮೊಬೈಲ್ ಸಾಧನಗಳಿಗಾಗಿ ರೂಪುಗೊಂಡದ್ದು. ಇದು ಕಡಿಮೆ ವೋಲ್ಟೇಜ್‌ನಲ್ಲಿ ಕೆಲಸ ಮಾಡುತ್ತದೆ ಮತ್ತು ಯಂತ್ರ ನಿದ್ರಾಸ್ಥಿತಿಯಲ್ಲಿರುವಾಗ ಅತ್ಯಲ್ಪ ವಿದ್ಯುತ್ ಬಳಸುತ್ತದೆ. ಇಷ್ಟು ದುರ್ಬಲವಾದ ಸಂಕೇತಗಳು ಸ್ಲಾಟ್‌ನ ಸಂಪರ್ಕಗಳನ್ನು ದಾಟಿ ದೂರ ಸಾಗುವಾಗ ಕೆಡುವ ಸಂಭವವಿರುವುದರಿಂದ, ಚಿಪ್‌ಗಳನ್ನು ಪ್ರೊಸೆಸರ್‌ನ ಸಮೀಪದಲ್ಲೇ ಬೆಸೆಯುವುದು ರೂಢಿ. ಬ್ಯಾಟರಿ ಹೆಚ್ಚು ಹೊತ್ತು ಬರಲು ಇದು ನೆರವಾಗುತ್ತದೆ.

ವೇಗ: ಪ್ರೊಸೆಸರ್ ಮತ್ತು ಮೆಮೊರಿಯ ನಡುವಿನ ತಂತಿಹಾದಿ ಚಿಕ್ಕದಾದಷ್ಟೂ ಹೆಚ್ಚಿನ ವೇಗದಲ್ಲಿ ದತ್ತಾಂಶ ಸಾಗಿಸಲು ಸಾಧ್ಯವಾಗುತ್ತದೆ. ಸೆಕೆಂಡಿಗೆ 560 ಕೋಟಿ ವರ್ಗಾವಣೆಯ ಡಿಡಿಆರ್5 ಮಾಡ್ಯೂಲ್‌ಗಳು 128 ಬಿಟ್ ಅಗಲದ ಹಾದಿಯಲ್ಲಿ ಗರಿಷ್ಠ 89.6 ಜಿಬಿಯನ್ನು ಸಾಗಿಸಬಲ್ಲವು. 2025ರಲ್ಲಿ ಪ್ರಕಟವಾದ ಫ್ರೇಮ್‌ವರ್ಕ್ ಡೆಸ್ಕ್‌ಟಾಪ್‌ನಲ್ಲಿ 256 ಬಿಟ್ ಹಾದಿಯ ಎಲ್‌ಪಿಡಿಡಿಆರ್5ಎಕ್ಸ್ ಮೆಮೊರಿ 256 ಜಿಬಿಯನ್ನು ಸಾಗಿಸುತ್ತದೆ. ಸುಲಭವಾಗಿ ದುರಸ್ತಿ ಮಾಡಬಹುದಾದ ಲ್ಯಾಪ್‌ಟಾಪ್‌ಗಳಿಗೇ ಹೆಸರಾದ ಈ ಸಂಸ್ಥೆಯೂ ಆ ಪ್ರೊಸೆಸರ್‌ಗೆ ಬೇಕಾದ ವೇಗಕ್ಕಾಗಿ ಬೆಸುಗೆಯ ಮೆಮೊರಿಯನ್ನೇ ಆಯ್ದುಕೊಂಡಿತು. ಗ್ರಾಫಿಕ್ಸ್ ಕಾರ್ಡ್‌ಗಳ ಮೆಮೊರಿಯನ್ನು ಬೆಸೆಯುವುದಕ್ಕೂ ವೇಗವೇ ಮುಖ್ಯ ಕಾರಣ.

ಗಾತ್ರ ಮತ್ತು ದೃಢತೆ: ಸ್ಲಾಟ್ ಇಲ್ಲದಿರುವುದರಿಂದ ಫಲಕ ತೆಳುವಾಗುತ್ತದೆ, ಉಳಿದ ಜಾಗದಲ್ಲಿ ದೊಡ್ಡ ಬ್ಯಾಟರಿಯನ್ನು ಇರಿಸಬಹುದು. ಸ್ಲಾಟ್‌ನ ಸಂಪರ್ಕಬಿಂದುಗಳಿಗೆ ಧೂಳು, ತೇವ ತಗಲುವ ಅಥವಾ ಮಾಡ್ಯೂಲ್ ಸಡಿಲಗೊಳ್ಳುವ ತೊಂದರೆ ಇರುವುದಿಲ್ಲ. ಅಲುಗಾಟಕ್ಕೆ ಒಳಗಾಗುವ ವಾಹನ ಮತ್ತು ಕೈಗಾರಿಕಾ ಉಪಕರಣಗಳಲ್ಲಿ ಈ ಗುಣಕ್ಕೆ ಹೆಚ್ಚಿನ ಬೆಲೆಯಿದೆ.

ಸುರಕ್ಷತೆ: ವಿದ್ಯುತ್ ಕಡಿತಗೊಂಡ ಬಳಿಕವೂ ರ‍್ಯಾಮ್‌ನಲ್ಲಿ ದತ್ತಾಂಶ ಸ್ವಲ್ಪ ಕಾಲ ಉಳಿಯುತ್ತದೆ, ಚಿಪ್‌ಗಳನ್ನು ತಣಿಸಿದರೆ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನು 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ಬೆಸೆದ ಚಿಪ್‌ಗಳನ್ನು ಕಿತ್ತು ಬೇರೊಂದು ಯಂತ್ರಕ್ಕೆ ಸಾಗಿಸುವುದು ಕಷ್ಟವಾದ್ದರಿಂದ ಇಂತಹ ದಾಳಿಯ ಒಂದು ಮಾರ್ಗ ಬಹುಮಟ್ಟಿಗೆ ಮುಚ್ಚುತ್ತದೆ. ಆದರೆ ಅದೇ ಯಂತ್ರವನ್ನು ಮರುಚಾಲನೆಗೊಳಿಸಿ ನಡೆಸುವ ದಾಳಿಯನ್ನು ಇದು ತಡೆಯುವುದಿಲ್ಲ.

ಅನನುಕೂಲಗಳು

ವಿಸ್ತರಣೆಯ ಅಭಾವ: ತಂತ್ರಾಂಶಗಳಿಗೆ ಬೇಕಾದ ಮೆಮೊರಿ ಕಾಲಕ್ರಮೇಣ ಹೆಚ್ಚುತ್ತಲೇ ಬಂದಿದೆ. 64 ಬಿಟ್‌ನ ವಿಂಡೋಸ್ 10ಕ್ಕೆ ಕನಿಷ್ಠ 2 ಜಿಬಿ ಸಾಕಾಗಿದ್ದರೆ, 2021ರ ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಬೇಕು. ಆಪಲ್ 2024ರಲ್ಲಿ ತನ್ನ ಮ್ಯಾಕ್ ಗಣಕಗಳ ಆರಂಭಿಕ ಮೆಮೊರಿಯನ್ನು 8 ಜಿಬಿಯಿಂದ 16 ಜಿಬಿಗೆ ಏರಿಸಿತು. ಸ್ಲಾಟ್ ಇರುವ ಯಂತ್ರದಲ್ಲಿ ಇಂತಹ ಬದಲಾವಣೆಯನ್ನು ಒಂದು ಮಾಡ್ಯೂಲ್ ಖರೀದಿಯಿಂದ ಎದುರಿಸಬಹುದು. ಬೆಸುಗೆಯ ಯಂತ್ರದಲ್ಲಿ ಪ್ರೊಸೆಸರ್, ಪರದೆ, ಕೀಲಿಮಣೆ ಎಲ್ಲವೂ ಸುಸ್ಥಿತಿಯಲ್ಲಿದ್ದರೂ ಮೆಮೊರಿಯ ಕೊರತೆಯೊಂದರಿಂದಲೇ ಯಂತ್ರ ಹಿಂದೆ ಬೀಳುತ್ತದೆ.

ವೆಚ್ಚ: ಮುಂದಿನ ಅಗತ್ಯವನ್ನು ಊಹಿಸಿ ಹೆಚ್ಚಿನ ಮೆಮೊರಿಗೆ ಖರೀದಿಯ ಸಮಯದಲ್ಲೇ ಹಣ ತೆರಬೇಕಾಗುತ್ತದೆ. ಆ ಹೆಚ್ಚುವರಿ ಮೆಮೊರಿಯ ಬೆಲೆಯನ್ನು ತಯಾರಕರೇ ನಿರ್ಧರಿಸುತ್ತಾರೆ. ಬಿಡಿ ಮಾರುಕಟ್ಟೆಯಲ್ಲಿ ದರ ಇಳಿದಾಗ ಕೊಳ್ಳುವ ಅಥವಾ ಹಳೆಯ ಯಂತ್ರದ ಮಾಡ್ಯೂಲನ್ನು ಮರುಬಳಸುವ ಅವಕಾಶ ಇರುವುದಿಲ್ಲ.

ದೋಷದ ಪರಿಣಾಮ: ಒಂದು ಚಿಪ್ ಕೆಟ್ಟರೂ ಇಡೀ ಮದರ್‌ಬೋರ್ಡ್ ಬದಲಿಸುವ ಸಂದರ್ಭ ಬರಬಹುದು. ಮದರ್‌ಬೋರ್ಡ್‌ನೊಂದಿಗೆ ಭದ್ರತಾ ಚಿಪ್ ಸಹ ಬದಲಾಗುವುದರಿಂದ, ಬಿಟ್‌ಲಾಕರ್‌ನಿಂದ ಗೂಢಲಿಪೀಕರಿಸಿದ ಡ್ರೈವ್ ತೆರೆಯಲು ಮರುಪಡೆಯುವಿಕೆ ಕೀಲಿ ಬೇಕಾಗುತ್ತದೆ. ಆ ಕೀಲಿಯನ್ನು ಮೊದಲೇ ಕಾಪಿಟ್ಟುಕೊಳ್ಳದಿದ್ದರೆ ಡ್ರೈವ್ ಸುಸ್ಥಿತಿಯಲ್ಲಿದ್ದರೂ ಕಡತಗಳು ಕೈತಪ್ಪುತ್ತವೆ.

ಎಲೆಕ್ಟ್ರಾನಿಕ್ ತ್ಯಾಜ್ಯ: ವಿಸ್ತರಿಸಲಾಗದ ಯಂತ್ರಕ್ಕೆ ಮರುಮಾರಾಟದಲ್ಲಿಯೂ ಬೇಡಿಕೆ ಕಡಿಮೆಯಾಗುತ್ತದೆ. ಹಳೆಯ ಗಣಕಗಳನ್ನು ನವೀಕರಿಸಿ ವಿದ್ಯಾರ್ಥಿಗಳಿಗೆ ಅಥವಾ ಶಾಲೆಗಳಿಗೆ ನೀಡುವವರಿಗೆ ಮೆಮೊರಿ ಹೆಚ್ಚಿಸುವ ಸರಳ ಮಾರ್ಗವೇ ಇಲ್ಲವಾಗುತ್ತದೆ.

ದುರಸ್ತಿ

ಬೆಸೆದ ಚಿಪ್‌ಗಳ ಸಂಪರ್ಕಬಿಂದುಗಳು ಚಿಪ್‌ನ ಅಡಿಯಲ್ಲಿ ಸಣ್ಣ ಬೆಸುಗೆಗುಂಡುಗಳ ರೂಪದಲ್ಲಿರುತ್ತವೆ. ಇವುಗಳನ್ನು ತೆಗೆಯಲು ಬಿಸಿಗಾಳಿಯ ಉಪಕರಣ ಮತ್ತು ನುರಿತ ಕೈ ಎರಡೂ ಬೇಕು. ಮೆಮೊರಿಯ ಗಾತ್ರ ಮತ್ತು ವೇಗದ ವಿವರ ಮಾಡ್ಯೂಲ್‌ನಲ್ಲಾದರೆ ಅದರದೇ ಪುಟ್ಟ ಚಿಪ್‌ನಲ್ಲಿರುತ್ತದೆ. ಬೆಸುಗೆಯ ಫಲಕಗಳಲ್ಲಿ ಅದನ್ನು ಸಾಮಾನ್ಯವಾಗಿ ಬಯೋಸ್‌ನಲ್ಲಿ ಇರಿಸಿ, ಫಲಕದ ಮೇಲಿನ ರೆಸಿಸ್ಟರ್‌ಗಳ ಜೋಡಣೆಯಿಂದ ಆಯ್ಕೆ ಮಾಡಲಾಗುತ್ತದೆ. ಆದ್ದರಿಂದ ದೊಡ್ಡ ಚಿಪ್ ಕೂರಿಸಿದ ಮಾತ್ರಕ್ಕೆ ಯಂತ್ರ ಅದನ್ನು ಗುರುತಿಸುತ್ತದೆ ಎನ್ನುವಂತಿಲ್ಲ.

ಮೆಮ್‌ಟೆಸ್ಟ್86+ ತಂತ್ರಾಂಶದಿಂದ ದೋಷವಿರುವ ವಿಳಾಸಗಳನ್ನು ಪತ್ತೆಹಚ್ಚಬಹುದು. ದೋಷ ಸಣ್ಣ ಭಾಗಕ್ಕೆ ಸೀಮಿತವಾಗಿದ್ದರೆ ಆ ವಿಳಾಸಗಳನ್ನು ಬಳಸದಂತೆ ಲಿನಕ್ಸ್ ಮತ್ತು ವಿಂಡೋಸ್‌ಗಳಲ್ಲಿ ನಿರ್ಬಂಧಿಸಲು ಅವಕಾಶವಿದೆ. ಇದು ತಾತ್ಕಾಲಿಕ ಪರಿಹಾರ ಮಾತ್ರ.

ಮಿಶ್ರ ಹಾಗೂ ಪರ್ಯಾಯ ವಿನ್ಯಾಸಗಳು

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸ್ವಲ್ಪ ಮೆಮೊರಿಯನ್ನು ಬೆಸೆದು ಒಂದು ಸ್ಲಾಟನ್ನೂ ಒದಗಿಸಲಾಗುತ್ತದೆ. ಇದರಿಂದ ವಿಸ್ತರಣೆ ಸಾಧ್ಯವಾಗುತ್ತದೆಯಾದರೂ, ಎರಡೂ ಕಡೆ ಸಮಾನ ಗಾತ್ರದ ಮೆಮೊರಿ ಇಲ್ಲದಿದ್ದರೆ ಜೋಡಿ ಚಾನೆಲ್‌ನ ಪೂರ್ಣ ಲಾಭ ಸಿಗುವುದಿಲ್ಲ. ಬೆಸೆದ ಭಾಗ ಕೆಟ್ಟರೆ ಸ್ಲಾಟ್‌ನಲ್ಲಿನ ಮಾಡ್ಯೂಲ್ ಅದಕ್ಕೆ ಬದಲಿಯಾಗುವ ಖಾತರಿಯೂ ಇಲ್ಲ.

ವೇಗ ಮತ್ತು ವಿಸ್ತರಣೆ ಎರಡನ್ನೂ ಉಳಿಸಿಕೊಳ್ಳುವ ಪ್ರಯತ್ನವಾಗಿ ಡೆಲ್ 2022ರಲ್ಲಿ ಕ್ಯಾಮ್ ಎಂಬ ಚಪ್ಪಟೆ ಮಾಡ್ಯೂಲನ್ನು ತನ್ನ ಪ್ರಿಸಿಶನ್ ಲ್ಯಾಪ್‌ಟಾಪ್‌ಗಳಲ್ಲಿ ಬಳಸಿತು. ಇದರ ಆಧಾರದ ಮೇಲೆ ಜೆಡೆಕ್ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಕ್ಯಾಮ್2 ಮಾನದಂಡವನ್ನು ಪ್ರಕಟಿಸಿತು. ಇದರ ಎಲ್‌ಪಿಕ್ಯಾಮ್2 ರೂಪದಲ್ಲಿ ಎಲ್‌ಪಿಡಿಡಿಆರ್ ಚಿಪ್‌ಗಳನ್ನೇ ತಿರುಪುಗಳಿಂದ ಬಿಗಿಯುವ ಮಾಡ್ಯೂಲ್‌ನ ಮೇಲೆ ಇರಿಸಲಾಗುತ್ತದೆ. 2024ರ ಲೆನೊವೊ ಥಿಂಕ್‌ಪ್ಯಾಡ್ ಪಿ1 ಇದನ್ನು ಅಳವಡಿಸಿಕೊಂಡ ಆರಂಭಿಕ ಲ್ಯಾಪ್‌ಟಾಪ್‌ಗಳಲ್ಲಿ ಒಂದು.

ಗುರುತಿಸುವ ವಿಧಾನ

ಖರೀದಿಗೆ ಮುನ್ನ ತಾಂತ್ರಿಕ ವಿವರಪಟ್ಟಿಯಲ್ಲಿ ಮೆಮೊರಿಯ ವಿಧವನ್ನು ನೋಡಬಹುದು. "ಆನ್‌ಬೋರ್ಡ್" ಅಥವಾ "ಸೋಲ್ಡರ್ಡ್" ಎಂಬ ನಮೂದು ಬೆಸುಗೆಯನ್ನು ಸೂಚಿಸುತ್ತದೆ. "ಎಲ್‌ಪಿಡಿಡಿಆರ್" ಎಂದಿದ್ದರೆ, ಎಲ್‌ಪಿಕ್ಯಾಮ್2 ಹೊರತುಪಡಿಸಿ, ಅದೂ ಬಹುತೇಕ ಬೆಸುಗೆಯೇ. "ಎಸ್‌ಒ-ಡಿಮ್" ಎಂದಿದ್ದರೆ ಸ್ಲಾಟ್ ಇದೆ ಎಂದರ್ಥ. ಈಗಾಗಲೇ ಬಳಕೆಯಲ್ಲಿರುವ ಯಂತ್ರವಾದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ವಿಭಾಗದಲ್ಲಿ ಇದರ ವಿವರ ದೊರೆಯುತ್ತದೆ. ಅಲ್ಲಿ ರೂಪದ ಸ್ಥಾನದಲ್ಲಿ "ರೋ ಆಫ್ ಚಿಪ್ಸ್" ಎಂದು ಕಂಡುಬಂದರೆ ಚಿಪ್‌ಗಳನ್ನು ಫಲಕಕ್ಕೆ ಬೆಸೆದಿರುವ ಸಾಧ್ಯತೆ ಹೆಚ್ಚು.