ಮಂಗರಸನ ಸೂಪಶಾಸ್ತ್ರದಲ್ಲಿ ಹಿತ್ತಿಲ ಕಾಯಿಪಲ್ಯಗಳು

ಕನ್ನಡದಲ್ಲಿ ಅಡುಗೆಯ ವಿಷಯವಾಗಿ ದೊರೆಯುವ ಪ್ರಾಚೀನಗ್ರಂಥಗಳು ಬಹಳವಿಲ್ಲ. ಕ್ರಿ. ಶ. ೧೦೨೫ರ ಸುಮಾರಿನಲ್ಲಿ ಚಾಳುಕ್ಯ ಜಯಸಿಂಹನ ಕಾಲದಲ್ಲಿದ್ದ ಎರಡನೆಯ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದವನ್ನೂ ಸೂಪಶಾಸ್ತ್ರವನ್ನೂ ಒಂದೇ ಗ್ರಂಥದೊಳಗೆ ಸೇರಿಸಿದನು. ಗಿಡವನ್ನು ಬೆಳೆಯಿಸುವ ವಿದ್ಯೆಯೂ ಅದರ ಫಲವನ್ನು ಪಾಕಮಾಡುವ ವಿದ್ಯೆಯೂ ಸಂಸಾರಿಗೆ ಒಂದರಷ್ಟೇ ಮತ್ತೊಂದು ಬೇಕಾದುದೆಂಬುದು ಆತನ ಎಣಿಕೆಯಾಗಿರಬೇಕು. ಅನಂತರ, ಸುಮಾರು ೧೧೩೦ರಲ್ಲಿ ಹುಟ್ಟಿದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಅನ್ನಭೋಗವನ್ನು ವಿಸ್ತಾರವಾಗಿ ನಿರೂಪಿಸುತ್ತದೆಯಾದರೂ ಅದು ಸಂಸ್ಕೃತಗ್ರಂಥ; ಅರಮನೆಯ ಮಾಂಸಪಾಕಗಳಿಗೂ ಅದರಲ್ಲಿ ಎಡೆಯುಂಟು. ಅಡುಗೆಗಾಗಿಯೇ, ಅದೂ ಶಾಕಾಹಾರಕ್ಕಾಗಿಯೇ ಮೀಸಲಾದ ಕನ್ನಡಕೃತಿಯೆಂದರೆ ಮೂರನೆಯ ಮಂಗರಸನ ಸೂಪಶಾಸ್ತ್ರ.

ಈತನು ಚೆಂಗಾಳ್ವರ ಸಚಿವವಂಶದವನು, ಕಲ್ಲಹಳ್ಳಿಯ ಪ್ರಭು, ಮತದಿಂದ ಜೈನ. ಕಾಲ ಸುಮಾರು ೧೫೦೮. ಗ್ರಂಥವು ವಾರ್ಧಕಷಟ್ಪದಿಯಲ್ಲಿದೆ. ಪಿಷ್ಟಪಾಕ, ಪಾನಕ, ಕಲಮಾನ್ನಪಾಕಗಳನ್ನು ಹೇಳಿ, ಕವಿಯು ಶಾಕಪಾಕಕ್ಕೆ ಬಂದಾಗ ಗ್ರಂಥದ ಬಗೆಯೇ ಬೇರೆಯಾಗುತ್ತದೆ. ಅಲ್ಲಿ ವಿಂಗಡಣೆಯು ಭಕ್ಷ್ಯದ ಹೆಸರನ್ನು ಬಿಟ್ಟು ಗಿಡದ ಹೆಸರನ್ನು ಹಿಡಿದು ನಡೆಯುತ್ತದೆ. ಬದನೆ, ಹಲಸು, ಬಾಳೆ ಇವು ಒಂದೊಂದೂ ಬಗೆಬಗೆಯ ಪಾಕಗಳಿಗೆ ಆಧಾರವಾಗುತ್ತವೆ; ಬಾಳೆಯ ಕಾಯಿಯಷ್ಟೇ ಅಲ್ಲದೆ ಹೂವೂ ಬರುತ್ತದೆ; ಬಿದಿರ ಕಳಲೆಯೂ ಬಿಟ್ಟುಹೋಗಿಲ್ಲ. ಹಿತ್ತಿಲಲ್ಲಿ ಏನು ಬಿಟ್ಟಿದೆಯೋ ಅದರಿಂದ ಅಡುಗೆಯನ್ನು ಯೋಚಿಸುವ ಗೃಹಿಣಿಯ ಕ್ರಮವೇ ಇದು.

ಕೃತಿಯು ಶಾಕಾಹಾರಕ್ಕೆ ಸೀಮಿತವಾಗಿರುವುದಕ್ಕೆ ಕವಿಯ ಜೈನಮತವೇ ಕಾರಣವೆಂದು ಹೇಳಿ ಸುಮ್ಮನಾಗುವುದು ವಾಡಿಕೆ. ಮಾಂಸವಿಲ್ಲದಿರುವುದಕ್ಕೆ ಈ ಕಾರಣವು ಸಾಕು, ಬದನೆಯಿರುವುದಕ್ಕೆ ಸಾಲದು. ಜೈನಾಚಾರದಲ್ಲಿ ರೂಢವಾದ ೨೨ ಅಭಕ್ಷ್ಯಗಳ ಗಣನೆಯಲ್ಲಿ ಬದನೆಯೂ ಸೇರಿದೆ, ಬಹುಬೀಜಗಳೂ ನಿಷಿದ್ಧವೇ. ಸಮ್ಯಕ್ತ್ವಕೌಮುದಿಯನ್ನು ರಚಿಸಿದ ಧರ್ಮನಿಷ್ಠನೇ ಬದನೆಕಾಯಿಯ ಪಾಕಗಳನ್ನು ಒಂದರಮೇಲೊಂದಾಗಿ ಉತ್ಸಾಹದಿಂದ ವರ್ಣಿಸುತ್ತಾನೆ! ವ್ರತಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಬರೆದವನಲ್ಲ ಇವನು. ಹಿಂಸೆಯನ್ನು ವರ್ಜಿಸಿ, ಉಳಿದುದರಲ್ಲಿ ತನ್ನ ಸೀಮೆಯ ನಾಲಗೆಯನ್ನೇ ಪ್ರಮಾಣವಾಗಿ ಕೊಂಡ ಪ್ರಭುವೆಂದು ತಿಳಿಯುವುದು ಹೆಚ್ಚು ಸಮಂಜಸ.

ಇಂತಹ ಗ್ರಂಥವನ್ನು ಓದುವವರಿಗೆ ಒಲೆಯ ಪರಿಚಯವೂ ಬೇಕು. ಕಳಲೆಯಲ್ಲಿ ವಿಷಾಂಶವುಂಟು, ಮಲೆನಾಡಿನಲ್ಲಿ ಅದನ್ನು ಹೆಚ್ಚಿ, ನೀರಿನಲ್ಲಿ ನೆನೆಯಿಟ್ಟು, ದಿನದಿನವೂ ನೀರನ್ನು ಬದಲಾಯಿಸಿ, ಬಳಿಕವೇ ಬೇಯಿಸುತ್ತಾರೆ. ಬಾಳೆಯ ಹೂವನ್ನು ಹೆಚ್ಚಿದೊಡನೆ ಮಜ್ಜಿಗೆಯ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ. ಎಳೆಯ ಹಲಸನ್ನು ಕೊಯ್ಯುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರದಿದ್ದರೆ ಮೇಣವು ಬಿಡದು. ಇವು ಮನೆಯ ಹಿರಿಯ ಹೆಂಗಸರಿಂದ ಬಂದ ತಿಳಿವು. ಷಟ್ಪದಿಯ ಅರ್ಥವನ್ನು ಹೇಳುವವರು ಇದನ್ನು ಕೋಶದಲ್ಲಿ ಹುಡುಕಿ ಪಡೆಯಲಾರರು. ಪ್ರಾಸದ ಕಟ್ಟಿಗೆ ಒಳಗಾದ ಪದ್ಯದಲ್ಲಿ ಸಾಮಗ್ರಿಗಳ ಹೆಸರು ಬರುವ ಕ್ರಮವೇ ಅವು ಪಾತ್ರೆಗೆ ಬೀಳುವ ಕ್ರಮವೆಂದು ನಂಬುವುದೂ ಅಪಾಯಕರ.

ಪಾಠಹೇಳುವವರು ಎಚ್ಚರದಿಂದಿರಬೇಕಾದ ಮಾತು ಇನ್ನೊಂದಿದೆ, ಅದು ‘ಮೆಣಸು’. ಮೆಣಸಿನಕಾಯಿಯು ಅಮೆರಿಕಾ ಖಂಡದ ಗಿಡ. ಪೋರ್ತುಗೀಸರ ಮೂಲಕ ಇಲ್ಲಿಗೆ ಬಂದುದು. ಅವರು ಕಲ್ಲೀಕೋಟೆಯನ್ನು ಮುಟ್ಟಿದುದು ೧೪೯೮ರಲ್ಲಿ, ಗೋವೆಯನ್ನು ಹಿಡಿದುದು ೧೫೧೦ರಲ್ಲಿ. ಮಂಗರಸನ ಕಾಲಕ್ಕೆ ಕಲ್ಲಹಳ್ಳಿಯ ಹಿತ್ತಿಲಲ್ಲಿ ಅದು ಕಾಯಿಬಿಟ್ಟಿತ್ತೆಂದು ಊಹಿಸುವುದಕ್ಕೆ ಎಡೆಯಿಲ್ಲ. ಆದುದರಿಂದ ಹಳೆಯ ಗ್ರಂಥಗಳ ‘ಮೆಣಸು’ ಬಳ್ಳಿಯ ಕರಿಮೆಣಸೇ ಹೊರತು ಬೇರೆಯಲ್ಲ. ಖಾರವೆಂಬುದು ಅದರಿಂದ, ಶುಂಠಿಯಿಂದ, ಸಾಸುವೆಯಿಂದ ಬರುತ್ತಿದ್ದಿತು. ಪರದೇಶದ ಕಾಯಿಯು ನಮ್ಮ ಮೆಣಸಿನ ಹೆಸರನ್ನೇ ಹೊತ್ತುಕೊಂಡಿತು. ಹಳೆಯದು ತನ್ನ ಗುರುತಿಗಾಗಿ ಕರಿಮೆಣಸೆಂದೂ, ಕೆಲವೆಡೆ ಒಳ್ಳೆಮೆಣಸೆಂದೂ ವಿಶೇಷಣವನ್ನು ಪಡೆಯಬೇಕಾಯಿತು. ಬದನೆಗೆ ಮಾತ್ರ ಈ ಗತಿ ಬರಲಿಲ್ಲ. ಅದೇ ಅಮೆರಿಕಾದಿಂದ ಬಂದ ಮತ್ತೊಂದು ಕಾಯಿಯು ಸೀಮೆಬದನೆಯೆಂದು ಕರೆಯಿಸಿಕೊಂಡಿತು. ನಾಡಿನ ಬದನೆ ಬದನೆಯಾಗಿಯೇ ಉಳಿಯಿತು.